ಹಳೆಯ ಕಾರಿನೊಳಗೆ ಮಳೆಯ ನೀರು: ಶೋಧನೆ ಮತ್ತು ದುರಸ್ತಿ

ಕಲ್ಕತ್ತೆಗೆ ಸಮೀಪದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಿಸಿದ ಅಂಬಾಸಿಡರ್ ಕಾರು ಈ ದೇಶದ ಮೂರು ತಲೆಮಾರುಗಳ ಜನರಿಗೆ ಚಿರಪರಿಚಿತವಾದ ವಾಹನ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರನ್ನು ಮಾದರಿಯಾಗಿಟ್ಟುಕೊಂಡು ರೂಪುಗೊಂಡ ಈ ಗಾಡಿಯು ತನ್ನ ದುಂಡನೆಯ ಆಕಾರವನ್ನು ಹೆಚ್ಚೇನೂ ಬದಲಿಸದೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಬಾಳಿತು. ಸರ್ಕಾರಿ ಕಚೇರಿಗಳ ಅಂಗಳಗಳಲ್ಲಿ, ಮಠಮಾನ್ಯಗಳ ಮಹಾದ್ವಾರಗಳ ಬಳಿಯಲ್ಲಿ, ವಿದ್ಯಾಸಂಸ್ಥೆಗಳ ಆವರಣಗಳಲ್ಲಿ, ವೈದ್ಯರ ಹಾಗೂ ವಕೀಲರ ಮನೆಗಳ ಮುಂದೆ ಅದು ನಿಂತಿರುತ್ತಿದ್ದ ದೃಶ್ಯವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅದರ ಸಮಕಾಲೀನವಾದ ಇನ್ನೊಂದು ಕಾರು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಸಂಸ್ಥೆಯವರು ತಯಾರಿಸಿದ್ದು. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಿಂದ ಹೊರಬಂದ ಆ ಕಾರು ಮುಂದೆ 1970ರ ದಶಕದಲ್ಲಿ ಪದ್ಮಿನಿ ಎಂದು ನಾಮಾಂತರ ಹೊಂದಿತು. ಮುಂಗಡ ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ಪಡೆದ ಕಾರುಗಳವು. ಆದುದರಿಂದಲೇ ತಂದೆಯೋ ತಾತನೋ ಕೊಂಡ ಗಾಡಿಯನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ ಕೊಟ್ಟಿಗೆಯಲ್ಲಿಯೋ ಮರದ ನೆರಳಿನಲ್ಲಿಯೋ ಕಾಪಾಡಿಕೊಂಡು ಬಂದಿರುವ ಕುಟುಂಬಗಳೂ ಸಂಸ್ಥೆಗಳೂ ಕರ್ನಾಟಕದಲ್ಲಿ ಈಗಲೂ ಇವೆ.

ಇಂತಹ ಕಾರುಗಳಿಗೆ ಅಂತ್ಯ ಒದಗುವುದು ಸಾಮಾನ್ಯವಾಗಿ ಎಂಜಿನ್ನಿನಿಂದಲ್ಲ. ಎಂಜಿನ್ ಸವೆದರೆ ಬೋರ್ ಮಾಡಿಸಬಹುದು, ಬೇರಿಂಗ್ ಬದಲಾಯಿಸಬಹುದು, ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಬೇರೊಂದು ಎಂಜಿನ್ನನ್ನೇ ತಂದು ಕೂರಿಸಬಹುದು. ಆದರೆ ಒಳಹೊಕ್ಕ ನೀರು ತಳದ ತಗಡನ್ನು ತಿಂದುಹಾಕಿದರೆ ಕಾರಿನ ಕಥೆ ಮುಗಿದಂತೆಯೇ. ಏಕೆಂದರೆ ಲಾರಿಗೆ ಇರುವಂತೆ ಅಂಬಾಸಿಡರಿಗಾಗಲಿ ಪದ್ಮಿನಿಗಾಗಲಿ ಪ್ರತ್ಯೇಕವಾದ ಚಾಸಿ ಇಲ್ಲ. ತಗಡಿನ ಒಡಲೇ ಅದರ ಅಸ್ಥಿಪಂಜರ. ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೂ ಸಾಗುವ ಟೊಳ್ಳು ಪೆಟ್ಟಿಗೆಗಳು, ನೆಲದ ಹಲಗೆಯ ಅಡಿಯಲ್ಲಿ ಬೆಸೆದ ಅಡ್ಡಪಟ್ಟಿಗಳು, ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ಇರುವ ಲೋಹದ ಗೋಡೆ, ಇವೆಲ್ಲ ಕೂಡಿ ಭಾರವನ್ನು ಹೊರುತ್ತವೆ. ಇವು ತುಕ್ಕು ಹಿಡಿದ ಕಾರು ಹೊರಗೆ ಬಣ್ಣ ಬಳಿದುಕೊಂಡು ಥಳಥಳಿಸುತ್ತಿದ್ದರೂ ಅಪಘಾತವಾದಾಗ ಒಳಗಿರುವವರನ್ನು ಕಾಯಲಾರದು. ನೋಂದಣಿಯ ಹದಿನೈದು ವರ್ಷ ಮುಗಿದ ಖಾಸಗಿ ಕಾರನ್ನು ಐದೈದು ವರ್ಷಗಳಿಗೊಮ್ಮೆ ತಪಾಸಣೆಗೆ ಒಯ್ಯಬೇಕಾಗುವುದರಿಂದ, ತೂತು ಬಿದ್ದ ತಳವು ಅಲ್ಲಿಯೂ ತೊಡಕನ್ನು ತರುತ್ತದೆ. 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಹೊರಡಿಸಿದಾಗಲೂ ಒಡಲಿನಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದೆಂಬ ಷರತ್ತನ್ನು ಇಟ್ಟಿದೆ. ಮೂಲ ಒಡಲು ಉಳಿಯುವುದೇ ಹಳೆಯ ಕಾರಿನ ನಿಜವಾದ ಬೆಲೆ.

ಕಾರಿನ ಮೇಲೆ ಬೀಳುವ ನೀರು ಎಷ್ಟೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ವಿಷಯದ ಗಾಂಭೀರ್ಯ ಅರ್ಥವಾಗುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಅದು ಒಂದು ಲೀಟರ್ ನೀರು. ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದ, 1.66 ಮೀಟರ್ ಅಗಲ. ಅಂದರೆ ಮೇಲಿನಿಂದ ನೋಡಿದಾಗ ಏಳು ಚದರ ಮೀಟರಿಗೆ ಸ್ವಲ್ಪ ಹೆಚ್ಚು. 25 ಮಿಲಿಮೀಟರಿನ ಒಂದು ಜೋರು ಮಳೆಗೆ ಸರಿಸುಮಾರು 175 ಲೀಟರ್ ನೀರು ಅದರ ಮೇಲೆ ಸುರಿದುಹೋಗುತ್ತದೆ. ಅದರ ಸಾವಿರದಲ್ಲೊಂದು ಪಾಲು ಒಳಗೆ ಇಳಿದರೂ ಒಂದು ಲೋಟದಷ್ಟಾಯಿತು. ಕಾಲಡಿಯ ರಬ್ಬರ್ ಹಾಸಿನ ಕೆಳಗಿರುವ ಸೆಣಬಿನ ಫೆಲ್ಟು ಆ ಲೋಟ ನೀರನ್ನು ಹೀರಿಕೊಂಡು, ಮೇಲೆ ಮುಚ್ಚಿದ ಹಾಸಿನ ದೆಸೆಯಿಂದ ಒಣಗಲು ದಾರಿಯಿಲ್ಲದೆ, ತಗಡಿಗೆ ಒದ್ದೆ ಬಟ್ಟೆ ಸುತ್ತಿದಂತೆ ವಾರಗಟ್ಟಲೆ ಇರುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾದ ಮಳೆ ಕಾಣುವ ಆಗುಂಬೆಯ ಸುತ್ತಿನಲ್ಲಿಯೂ, ಉಪ್ಪುಗಾಳಿಯ ಕರಾವಳಿಯಲ್ಲಿಯೂ ಇದರ ಪರಿಣಾಮ ಬೇಗನೆ ಕಾಣುತ್ತದೆ. ಬಯಲುಸೀಮೆಯ ಕಾರುಗಳಿಗೆ ಒಂದಿಷ್ಟು ಹೆಚ್ಚು ಆಯುಸ್ಸು. ಆದರೆ ಬಯಲುಸೀಮೆಯ ಬಿಸಿಲು ರಬ್ಬರನ್ನು ಒಣಗಿಸಿ ಬಿರುಕುಗೊಳಿಸುವುದರಿಂದ ಅಲ್ಲಿನವರೂ ನಿಶ್ಚಿಂತರಾಗಿರುವಂತಿಲ್ಲ.

ಸೋರಿಕೆಯನ್ನು ಹುಡುಕುವವರು ಮೊತ್ತಮೊದಲು ಮನಗಾಣಬೇಕಾದ ಸಂಗತಿಯೆಂದರೆ, ನೀರು ಕಾಣಿಸಿಕೊಳ್ಳುವ ಸ್ಥಳವೂ ಅದು ಒಳಹೊಕ್ಕ ಸ್ಥಳವೂ ಒಂದೇ ಆಗಿರಬೇಕಾಗಿಲ್ಲ ಎಂಬುದು. ಮಂಗಳೂರು ಹಂಚಿನ ಮನೆಯಲ್ಲಿ ವಾಸಮಾಡಿದವರಿಗೆ ಇದು ಹೊಸದೇನೂ ಅಲ್ಲ. ಹಂಚು ಒಡೆದಿರುವುದು ಒಂದು ಕಡೆ. ನೀರು ರೀಪಿನ ಗುಂಟ ಜಾರಿ ತೊಟ್ಟಿಕ್ಕುವುದು ಮತ್ತೊಂದು ಕಡೆ. ಕಾರಿನಲ್ಲಿಯೂ ಹಾಗೆಯೇ. ಮುಂಗಾಜಿನ ಮೇಲಿನ ಮೂಲೆಯಲ್ಲಿ ಹೊಕ್ಕ ಹನಿಯು ಕಂಬದ ಟೊಳ್ಳಿನೊಳಗೆ ಇಳಿದು, ಡ್ಯಾಶ್‌ಬೋರ್ಡಿನ ಹಿಂದಣ ವೈರುಗಳನ್ನು ಹಿಡಿದುಕೊಂಡು ಸಾಗಿ, ಚಾಲಕನ ಪಾದದ ಬಳಿ ಬಿದ್ದಾಗ ನೋಡುವವರು ತಳದಲ್ಲಿ ತೂತಿದೆಯೆಂದು ಭಾವಿಸುತ್ತಾರೆ. ನೀರಿಗೆ ತಗಡಿನ ಕೆಳಮೈಗೆ ಅಂಟಿಕೊಂಡು ಹರಿಯುವ ಗುಣವಿದೆ. ಕೂದಲೆಳೆಯಷ್ಟು ಸಂದು ಸಿಕ್ಕರೆ ಗುರುತ್ವಕ್ಕೆ ವಿರುದ್ಧವಾಗಿಯೂ ಸ್ವಲ್ಪ ದೂರ ಏರುವ ಗುಣವಿದೆ. ಪ್ರೌಢಶಾಲೆಯ ಭೌತಶಾಸ್ತ್ರದ ತರಗತಿಯಲ್ಲಿ ಸಣ್ಣ ಗಾಜಿನ ನಳಿಕೆಯನ್ನು ನೀರಿನಲ್ಲಿ ಅದ್ದಿ ತೋರಿಸುವ ಪ್ರಯೋಗವೇ ಮುಂಗಾಜಿಗೂ ರಬ್ಬರಿಗೂ ನಡುವಿನ ಸಂದಿನಲ್ಲಿ ಪ್ರತಿ ಮಳೆಗೂ ನಡೆಯುತ್ತಿರುತ್ತದೆ.

ಎರಡನೆಯ ಸಂಗತಿಯು ಮೊದಲನೆಯದಕ್ಕಿಂತಲೂ ಕಡಿಮೆ ಜನರಿಗೆ ತಿಳಿದಿರುವಂಥದು. ಕಾರಿನ ಒಡಲನ್ನು ರೂಪಿಸಿದವರು ನೀರನ್ನು ಸಂಪೂರ್ಣವಾಗಿ ತಡೆಯಲು ಹೊರಟವರಲ್ಲ. ಬಾಗಿಲ ಗಾಜು ಏರಿ ಇಳಿಯುವ ಸೀಳಿನ ಮೂಲಕ ನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗಿಯೇ ಹೋಗುತ್ತದೆ, ಅದು ದೋಷವಲ್ಲ. ಹಾಗೆ ಹೋದ ನೀರು ಹೊರಬೀಳಲೆಂದು ಬಾಗಿಲಿನ ತಳಭಾಗದಲ್ಲಿ ಸಣ್ಣ ಸಣ್ಣ ಕಂಡಿಗಳನ್ನು ಇಟ್ಟಿರುತ್ತಾರೆ. ಬಾಗಿಲಿನ ಒಳಮೈಗೆ ಹೊದಿಸಿದ ರೆಕ್ಸಿನ್ ಹಲಗೆಯ ಹಿಂದೆ ಟಾರು ಕಾಗದವನ್ನೋ ಪಾಲಿಥೀನ್ ಹಾಳೆಯನ್ನೋ ಅಂಟಿಸಿ, ಹನಿಗಳು ಒಳಕ್ಕೆ ಬಾರದಂತೆ ಕೆಳಕ್ಕೆ ಜಾರಿಸುತ್ತಾರೆ. ಧೂಳು, ಎಲೆಯ ಚೂರು, ಹಳೆಯ ಗ್ರೀಸು ಕೂಡಿ ಆ ಕಂಡಿಗಳು ಕಟ್ಟಿಕೊಂಡರೆ ಬಾಗಿಲು ತೊಟ್ಟಿಯಂತೆ ತುಂಬಿಕೊಳ್ಳುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ನೀರು ಕುಲುಕುವ ಸದ್ದು ಕೇಳುವುದುಂಟು. ಗಾಜಿನ ಹಿಡಿಯನ್ನು ರಿಪೇರಿ ಮಾಡಲು ಬಂದವರು ಆ ಹಾಳೆಯನ್ನು ಹರಿದು ಎಸೆದಿದ್ದರೆ ನೀರು ನೇರವಾಗಿ ಕಾಲಬುಡಕ್ಕೆ ಬರುತ್ತದೆ. ಆದಕಾರಣ ಯಾವುದೇ ರಬ್ಬರನ್ನು ಕೊಳ್ಳಲು ಅಂಗಡಿಗೆ ಹೋಗುವ ಮೊದಲು, ನಾಲ್ಕೂ ಬಾಗಿಲುಗಳ ತಳದ ಕಂಡಿಗಳನ್ನು ಮೊಂಡು ತಂತಿಯಿಂದ ತೆರವು ಮಾಡತಕ್ಕದ್ದು. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ. ಹಲವು ಕಾರುಗಳ ಕಾಯಿಲೆ ಇಷ್ಟಕ್ಕೇ ವಾಸಿಯಾಗುತ್ತದೆ. ವಿಪರ್ಯಾಸವೆಂದರೆ, ತುಕ್ಕು ತಡೆಯಲೆಂದು ಕಾರಿನ ಅಡಿಗೆ ಡಾಂಬರು ಬಳಿಸುವಾಗ ಈ ಕಂಡಿಗಳನ್ನೂ ಸೇರಿಸಿ ಮುಚ್ಚಿಬಿಡುವವರೇ ಹೆಚ್ಚು.

ಇನ್ನು ಒದ್ದೆಯ ಸ್ವರೂಪವನ್ನು ವಿಚಾರಿಸಬೇಕು. ಎಲ್ಲ ತೇವವೂ ಮಳೆಯದಲ್ಲ. ಶಾಖದ ಪೆಟ್ಟಿಗೆ ಅಳವಡಿಸಿದ ಕಾರಾಗಿದ್ದರೆ ಅದರೊಳಗಿನ ಪುಟ್ಟ ರೇಡಿಯೇಟರು ಸೋರಿ, ಜಿಡ್ಡಾದ, ಸಿಹಿ ವಾಸನೆಯ ದ್ರವ ಕಾಲಡಿಗೆ ಬರುತ್ತದೆ; ಮುಂಗಾಜಿನ ಒಳಮೈಯಲ್ಲಿ ಒರೆಸಿದರೂ ಹೋಗದ ಎಣ್ಣೆಯಂತಹ ಪೊರೆ ಕಾಣುತ್ತದೆ. ಇಂತಹ ದ್ರವದಲ್ಲಿ ಬೆರೆಸುವ ಗ್ಲೈಕಾಲ್ ವಿಷವಾದುದರಿಂದ ಬೆರಳಿಗೆ ಹಚ್ಚಿ ರುಚಿ ನೋಡುವ ಹಳೆಯ ಅಭ್ಯಾಸವನ್ನು ಬಿಡಬೇಕು. ಅನಂತರದ ವರ್ಷಗಳಲ್ಲಿ ಏರ್ ಕಂಡಿಶನರ್ ಕೂರಿಸಿಕೊಂಡ ಕಾರುಗಳಲ್ಲಿ ತಂಪುಪೆಟ್ಟಿಗೆಯ ನೀರು ಹೊರಹೋಗುವ ಸಣ್ಣ ಕೊಳವೆ ಕಟ್ಟಿಕೊಂಡರೆ, ಬಿರುಬೇಸಗೆಯಲ್ಲಿಯೂ ಮುಂದಿನ ಪ್ರಯಾಣಿಕನ ಪಾದ ನೆನೆಯುತ್ತದೆ. ಮಳೆಯಿಲ್ಲದ ದಿನ ಒದ್ದೆ ಕಂಡರೆ ಮೊದಲು ಸಂಶಯಪಡಬೇಕಾದುದು ಇದನ್ನೇ. ಇನ್ನೊಂದು ಮೋಸವೂ ಇದೆ. ನೆನೆದ ಫೆಲ್ಟಿನಿಂದ ಹಗಲಿನಲ್ಲಿ ಎದ್ದ ಆವಿಯು ರಾತ್ರಿಯ ಚಳಿಗೆ ಚಾವಣಿಯ ತಗಡಿನ ಒಳಮೈಯಲ್ಲಿ ಹನಿಗಟ್ಟಿ ಮುಂಜಾನೆ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಸೋರಿಕೆ ತಳದಲ್ಲಿದ್ದರೂ ಕಾರಿನ ಯಜಮಾನರು ಚಾವಣಿಯನ್ನು ಬಿಚ್ಚಿಸುತ್ತಾರೆ.

ಮಳೆಯ ನೀರೇ ಎಂದು ನಿಶ್ಚಯವಾದ ಮೇಲೆ, ಅದು ಕಾರು ನಿಂತಾಗ ಬರುವುದೋ ಓಡುವಾಗ ಬರುವುದೋ ಎಂದು ವಿಂಗಡಿಸಬೇಕು. ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರು ಬೆಳಗಿನಲ್ಲಿ ಒಣಗಿಯೇ ಇದ್ದು, ಒದ್ದೆ ರಸ್ತೆಯಲ್ಲಿ ಹತ್ತು ಮೈಲಿ ಹೋಗಿಬಂದೊಡನೆ ಕಾಲಡಿ ನೆನೆದಿದ್ದರೆ, ನೀರು ಮೇಲಿನಿಂದ ಬಂದುದಲ್ಲ. ಚಕ್ರಗಳು ಎರಚಿದ ನೀರು ಚಕ್ರಗೂಡಿನ ಬೆಸುಗೆಯ ಸಂದುಗಳಿಂದಲೋ, ತಳದ ತೂತುಗಳಿಂದಲೋ, ಕಳಚಿಬಿದ್ದ ರಬ್ಬರ್ ಬಿರಡೆಗಳ ಜಾಗದಿಂದಲೋ ಬಂದುದು. ಕಾರು ಇಳಿಜಾರಿಗೆ ಮುಖ ಮಾಡಿ ನಿಂತಾಗ ಮಾತ್ರ ಸೋರುವುದೋ, ಏರಿಗೆ ಮುಖ ಮಾಡಿದಾಗಲೋ, ಎಡಕ್ಕೆ ವಾಲಿದಾಗಲೋ ಎಂಬುದನ್ನೂ ಗಮನಿಸಿ ಬರೆದಿಟ್ಟುಕೊಂಡರೆ ಅರ್ಧ ಶೋಧನೆ ಮುಗಿದಂತೆ. ಮೆಕ್ಯಾನಿಕನಿಗೆ ಈ ವಿವರಗಳನ್ನು ಹೇಳದೆ ‘ಗಾಡಿ ಸೋರುತ್ತದೆ, ನೋಡಿ’ ಎಂದಷ್ಟೇ ಹೇಳಿದರೆ ಅವನು ತಾನೇ ಏನು ಮಾಡಿಯಾನು? ಕೈಗೆ ಸಿಕ್ಕ ಅಂಟನ್ನು ಕಂಡ ಕಂಡ ಸಂದಿಗೆ ಮೆತ್ತಿ ಕಳುಹಿಸುತ್ತಾನೆ.

ಹಳ್ಳಿಯ ಮಣ್ಣುರಸ್ತೆಗಳಲ್ಲಿ ಓಡಾಡುವ ಕಾರಿನ ಒಡೆಯರಿಗೆ ಪ್ರಕೃತಿಯೇ ಒಂದು ಉಪಾಯವನ್ನು ಒದಗಿಸಿದೆ. ಕಾರು ವೇಗವಾಗಿ ಹೋಗುವಾಗ ಅದರ ಹಿಂಭಾಗದಲ್ಲಿ ಗಾಳಿಯ ಒತ್ತಡ ಕುಗ್ಗುವುದರಿಂದ ಹೊರಗಿನ ಧೂಳು ಸಂದುಗಳ ಮೂಲಕ ಡಿಕ್ಕಿಯೊಳಕ್ಕೆ ಸೆಳೆಯಲ್ಪಡುತ್ತದೆ. ಬೇಸಗೆಯಲ್ಲಿ ಡಿಕ್ಕಿಯನ್ನು ಒರೆಸಿ ಚೊಕ್ಕಟ ಮಾಡಿ, ಕೆಮ್ಮಣ್ಣಿನ ರಸ್ತೆಯಲ್ಲಿ ಒಮ್ಮೆ ಓಡಿಸಿ ತಂದು ತೆರೆದರೆ, ಒಳಗೆ ಕೆಂಪು ಗೆರೆಗಳು ಮೂಡಿರುತ್ತವೆ. ಧೂಳು ಬಂದ ದಾರಿಯಲ್ಲೇ ಮುಂದೆ ನೀರೂ ಬರುತ್ತದೆ. ಹೊಗೆಯೂ ಬರುತ್ತದೆ ಎಂಬುದನ್ನು ಮರೆಯಬಾರದು. ಹೊಗೆಯೊಡನೆ ಬರುವ ಇಂಗಾಲದ ಮೊನಾಕ್ಸೈಡು ವಾಸನೆಯಿಲ್ಲದ ವಿಷವಾದುದರಿಂದ ಡಿಕ್ಕಿಯ ರಬ್ಬರನ್ನು ಕೇವಲ ಮಳೆಗಾಲದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ.

ಶೋಧನೆಯ ದಿನ ಆಸನಗಳು, ಹಾಸುಗಳು, ಫೆಲ್ಟು, ಕಾಲಬದಿಯ ಹಲಗೆಗಳು, ಬಾಗಿಲುಗಳ ಹೊದಿಕೆ ಎಲ್ಲವನ್ನೂ ತೆಗೆದು, ಕಾರನ್ನು ಬಿಸಿಲಿನಲ್ಲಿ ಪೂರ್ಣ ಒಣಗಿಸಬೇಕು. ಇಲ್ಲಿ ಆತುರಪಟ್ಟವರಿಗೆ ಯಾವುದು ಹಳೆಯ ತೇವ, ಯಾವುದು ಹೊಸ ಹನಿ ಎಂಬುದು ತಿಳಿಯದೆ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಒಣಗಿದ ತಗಡಿನ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದರೆ ನೀರು ಹರಿದ ಜಾಡು ಅದರ ಮೇಲೆ ಗೆರೆಯಾಗಿ ಉಳಿಯುತ್ತದೆ. ಇಬ್ಬರು ಬೇಕು. ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತುಕೊಳ್ಳುವುದು, ಇನ್ನೊಬ್ಬರು ಹೊರಗೆ ತೋಟದ ರಬ್ಬರ್ ಕೊಳವೆಯಿಂದ ನೀರು ಬಿಡುವುದು. ನೀರಿಗೆ ರಭಸವಿರಕೂಡದು, ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತದೆ, ಮಳೆಯ ನೀರು ಜಾರುವಂತೆ ಸುಮ್ಮನೆ ಹರಿಯಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಒಳ್ಳೆಯ ರಬ್ಬರನ್ನೂ ದಾಟಿ ಒಳಬರುವುದರಿಂದ ಇಲ್ಲದ ದೋಷವನ್ನು ಇದೆಯೆಂದು ತೋರಿಸೀತು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು. ಚಾವಣಿಯ ಮೇಲೆ ಮೊದಲು ನೀರು ಬಿಟ್ಟರೆ ಅದು ಇಳಿಯುವಾಗ ಗಾಜು, ಬಾಗಿಲು, ಹೊಸ್ತಿಲು ಎಲ್ಲವನ್ನೂ ನೆನೆಸಿ, ಯಾವ ಸಂದಿನಿಂದ ಒಳಬಂದಿತೆಂಬ ವಿಚಾರವೇ ಕೆಟ್ಟುಹೋಗುತ್ತದೆ. ಮೊದಲು ಬಾಗಿಲಿನ ಕೆಳ ಅಂಚು, ಅದಾದ ಮೇಲೆ ಬಾಗಿಲಿನ ಬದಿಗಳು, ಅನಂತರ ಮುಂಬಾಗಿಲಿನ ತ್ರಿಕೋನ ಗಾಜು, ಬಾನೆಟ್ಟಿನ ಹಿಂಬದಿ, ಮುಂಗಾಜಿನ ಕೆಳಮೂಲೆಗಳು, ಮೇಲಂಚು, ಕೊನೆಗೆ ಚಾವಣಿಯ ಅಂಚಿನ ದೋಣಿ. ಒಂದೊಂದು ಜಾಗಕ್ಕೂ ಐದರಿಂದ ಹತ್ತು ನಿಮಿಷ ಕೊಡಬೇಕು, ಏಕೆಂದರೆ ಟೊಳ್ಳುಗಳ ಒಳಗೆ ಸುತ್ತಿಬರುವ ನೀರಿಗೆ ಸಮಯ ಹಿಡಿಯುತ್ತದೆ. ಹನಿ ಕಂಡ ಕೂಡಲೇ ಹೊರಗಿನ ನೀರನ್ನು ನಿಲ್ಲಿಸಿ, ಶಂಕಿತ ಸಂದನ್ನು ಒಣಗಿಸಿ, ಅದರ ಮೇಲೆ ಅಂಟುಪಟ್ಟಿಯನ್ನು ಹಚ್ಚಿ, ಅದೇ ಜಾಗಕ್ಕೆ ಮತ್ತೆ ನೀರು ಬಿಡಬೇಕು. ಹನಿ ನಿಂತರೆ ದೋಷ ಅಲ್ಲಿಯೇ ಇರುವುದು ಸಿದ್ಧವಾಯಿತು. ನಿಲ್ಲದಿದ್ದರೆ ಊಹೆ ತಪ್ಪು, ಹುಡುಕಾಟ ಮುಂದುವರಿಯಬೇಕು. ವಿಜ್ಞಾನದ ಅಧ್ಯಾಪಕರು ಊಹೆ ಮತ್ತು ಪರೀಕ್ಷೆಗಳ ಪಾಠವನ್ನು ಹೇಳಿಕೊಡಲು ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ.

ಬಾಗಿಲಿನ ರಬ್ಬರಿಗೆ ನೀರಿಲ್ಲದ ಪರೀಕ್ಷೆಯೂ ಇದೆ. ಬಾಗಿಲಿನ ಚೌಕಟ್ಟಿಗೆ ರಬ್ಬರ್ ತಾಗುವ ಕಡೆಯಲ್ಲೆಲ್ಲ ಸೀಮೆಸುಣ್ಣ ತೀಡಿ ಬಾಗಿಲನ್ನು ಮುಚ್ಚಿ ತೆಗೆದರೆ, ರಬ್ಬರಿನ ಮೇಲೆ ಬಿಳಿ ಗುರುತು ಎಲ್ಲಿ ಬಿದ್ದಿಲ್ಲವೋ ಅಲ್ಲಿ ಅದು ತಾಗುತ್ತಿಲ್ಲವೆಂದು ಅರ್ಥ. ಕಾಗದದ ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದಾಗ ಅದು ಸಲೀಸಾಗಿ ಬಂದರೂ ಇದೇ ತೀರ್ಮಾನ. ಆದರೆ ಇಲ್ಲಿ ಹೊಸ ರಬ್ಬರ್ ತರುವುದಕ್ಕೆ ಮುಂಚೆ ತೆರೆದ ಬಾಗಿಲಿನ ತುದಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅಂಬಾಸಿಡರಿನ ಬಾಗಿಲು ಭಾರವಾದುದು. ಹತ್ತಾರು ವರ್ಷಗಳಲ್ಲಿ ಕೀಲಿನ ಪಿನ್ನುಗಳು ಸವೆದು ಬಾಗಿಲು ಜೋತುಬಿದ್ದಿದ್ದರೆ ಅದು ಕೈಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಅಂತಹ ಬಾಗಿಲಿಗೆ ಎಷ್ಟು ದುಬಾರಿಯ ರಬ್ಬರ್ ಹಾಕಿದರೂ ಮೇಲ್ಮೂಲೆಯಲ್ಲಿ ಸಂದು ಉಳಿದೇ ಉಳಿಯುತ್ತದೆ. ಪಿನ್ನು ಬದಲಾಯಿಸಿ, ಲಾಕು ಕಚ್ಚುವ ತಟ್ಟೆಯನ್ನು ಸರಿಯಾಗಿ ಕೂರಿಸಿ, ಆ ಮೇಲೆ ರಬ್ಬರಿನ ಕಡೆ ನೋಡುವುದು ಕ್ರಮ. ಪೇಟೆಯಲ್ಲಿ ದಪ್ಪನೆಯ ರಬ್ಬರು ಸಿಕ್ಕಿತೆಂದು ತಂದು ಹಾಕಿ, ಬಾಗಿಲು ಮುಚ್ಚದೆ ಧಡಾರನೆ ಬಡಿದು ಬಡಿದು ಲಾಕನ್ನು ಕೆಡಿಸಿಕೊಂಡವರು ಉಂಟು. ರಬ್ಬರಿನ ಎರಡು ತುದಿಗಳು ಕೂಡುವ ಜಾಗವು ಯಾವಾಗಲೂ ಬಾಗಿಲಿನ ಕೆಳಭಾಗದಲ್ಲಿ ಬರಬೇಕೇ ಹೊರತು ಮೇಲೆ ಅಲ್ಲ.

ಮುಂಗಾಜಿನ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸುವುದು ಅಗತ್ಯ. ಇಂದಿನ ಕಾರುಗಳ ಗಾಜನ್ನು ಒಡಲಿಗೇ ಅಂಟಿಸಿರುತ್ತಾರೆ. ಹಳೆಯ ಕಾರುಗಳಲ್ಲಿ ಎರಡು ಗಾಡಿಗಳುಳ್ಳ ರಬ್ಬರ್ ಪಟ್ಟಿಯ ಒಂದು ಗಾಡಿಯಲ್ಲಿ ಗಾಜು, ಇನ್ನೊಂದರಲ್ಲಿ ತಗಡಿನ ಅಂಚು ಕುಳಿತಿರುತ್ತದೆ. ಆದ್ದರಿಂದ ಸೋರುವ ದಾರಿಗಳೂ ಎರಡು: ಗಾಜಿಗೂ ರಬ್ಬರಿಗೂ ನಡುವೆ ಒಂದು, ರಬ್ಬರಿಗೂ ತಗಡಿಗೂ ನಡುವೆ ಇನ್ನೊಂದು. ಬಿಸಿಲಿಗೆ ರಬ್ಬರು ಗಡಸಾಗಿ ಕುಗ್ಗಿದಾಗ ಮೂಲೆಗಳಲ್ಲಿ ಮೊದಲು ಸಂದು ಬಿಡುತ್ತದೆ. ರಬ್ಬರು ಇನ್ನೂ ಮೆದುವಾಗಿದ್ದರೆ, ಗಾಜಿನ ಮೇಲೂ ಬಣ್ಣದ ಮೇಲೂ ಕಾಗದದ ಅಂಟುಪಟ್ಟಿ ಹಚ್ಚಿ ರಕ್ಷಿಸಿಕೊಂಡು, ರಬ್ಬರಿನ ತುಟಿಯನ್ನು ಮರದ ಚಕ್ಕೆಯಿಂದ ಎತ್ತಿ, ಗಟ್ಟಿಯಾಗದೆ ಮೆದುವಾಗಿಯೇ ಉಳಿಯುವ ಜಾತಿಯ ಮೇಣವನ್ನು ಒಳಗೆ ತುಂಬಿದರೆ ಸಾಕಾಗುತ್ತದೆ. ಸ್ನಾನದ ಮನೆಗೆ ಬಳಸುವ, ವಿನಿಗರಿನ ವಾಸನೆ ಬರುವ ಸಿಲಿಕೋನ್ ಅಂಟನ್ನು ಇಲ್ಲಿ ಖಂಡಿತವಾಗಿಯೂ ಬಳಸಬಾರದು. ಅದು ಒಣಗುವಾಗ ಬಿಡುವ ಅಸೆಟಿಕ್ ಆಮ್ಲವು ಬರಿಯ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅಷ್ಟೇ ಅಲ್ಲ, ಒಮ್ಮೆ ಸಿಲಿಕೋನ್ ತಾಗಿದ ತಗಡಿನ ಮೇಲೆ ಮುಂದೆ ಬಣ್ಣ ಸರಿಯಾಗಿ ನಿಲ್ಲುವುದಿಲ್ಲ.

ರಬ್ಬರಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದಿದ್ದರೆ ಮೇಣದ ಮಾತೇ ಬೇಡ, ಗಾಜನ್ನು ಇಳಿಸಲೇಬೇಕು. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹೆಚ್ಚುತ್ತದೆ. ಹಾಗೆ ಉಬ್ಬಿದ ತುಕ್ಕು ರಬ್ಬರನ್ನು ಎತ್ತಿ ಹಿಡಿಯುತ್ತದೆ. ಎತ್ತಿದ ಸಂದಿನಿಂದ ಮತ್ತಷ್ಟು ನೀರು. ಅದರಿಂದ ಮತ್ತಷ್ಟು ತುಕ್ಕು. ಗಾಜು ಇಳಿಸಿದ ಮೇಲೆ ತಂತಿಯ ಬ್ರಷ್ಷಿನಿಂದ ಬೆಳ್ಳಗೆ ಕಾಣುವ ತಗಡು ಬರುವ ತನಕ ತಿಕ್ಕಿ, ತೂತಾದೆಡೆ ಬೆಸುಗೆ ಹಾಕಿಸಿ, ತುಕ್ಕುನಿರೋಧಕ ಪ್ರೈಮರ್ ಮತ್ತು ಬಣ್ಣ ಹಚ್ಚಿ ಪೂರ್ತಿ ಒಣಗಿಸಬೇಕು. ಮರಳಿ ಕೂರಿಸುವಾಗ ಹೊಸ ರಬ್ಬರನ್ನು ಗಾಜಿಗೆ ಸುತ್ತ ತೊಡಿಸಿ, ತಗಡು ಕೂರಬೇಕಾದ ಗಾಡಿಯೊಳಗೆ ಗಟ್ಟಿಯಾದ ಹುರಿಯನ್ನು ಸುತ್ತಿ, ಅದರ ಎರಡು ತುದಿಗಳನ್ನು ಕೆಳ ನಡುವಿನಲ್ಲಿ ಕಾರಿನ ಒಳಕ್ಕೆ ಬಿಡುತ್ತಾರೆ. ಸಾಬೂನಿನ ನೀರು ಸವರಿ, ಹೊರಗಿನವನು ಅಂಗೈಯಿಂದ ಗಾಜನ್ನು ಮೆಲ್ಲನೆ ಒತ್ತುತ್ತಿರುವಾಗ ಒಳಗಿನವನು ಹುರಿಯನ್ನು ಎಳೆಯುತ್ತ ಹೋದಂತೆ, ರಬ್ಬರಿನ ತುಟಿಯು ತಗಡಿನ ಅಂಚನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ನುರಿತ ಕೈಗಳಲ್ಲಿ ಈ ಕೆಲಸವನ್ನು ನೋಡುವುದೇ ಒಂದು ಸಂತೋಷ. ಬಲಪ್ರಯೋಗ ಮಾಡಿದರೆ ಗಾಜು ಸೀಳುವುದು ನಿಶ್ಚಯ. ಹಳೆಯ ಕಾರಿನ ಗಾಜು ಬೇಕೆಂದಾಗ ಸಿಗುವ ವಸ್ತುವಲ್ಲ. ಹಿಂಗಾಜಿಗೂ ಇದೇ ವಿಧಾನ.

ಎಂಜಿನ್ನಿನ ಹಿಂದಿನ ಲೋಹದ ಗೋಡೆಯಲ್ಲಿ ವೈರುಗಳು, ಸ್ಪೀಡೋಮೀಟರಿನ ಕೇಬಲ್ಲು, ಸ್ಟಿಯರಿಂಗ್ ದಂಡ ಮೊದಲಾದುವು ಹಾದುಬರಲು ಕೊರೆದ ರಂಧ್ರಗಳಿಗೆ ರಬ್ಬರ್ ಬಳೆಗಳನ್ನು ಹಾಕಿರುತ್ತಾರೆ. ಎಂಜಿನ್ನಿನ ಕಾವಿಗೆ ಇವು ಪುಡಿಯಾಗುತ್ತವೆ. ಬೆಲೆ ಅತ್ಯಲ್ಪವಾದರೂ ಇವುಗಳನ್ನು ಬದಲಾಯಿಸುವವರು ವಿರಳ. ಗೋಡೆಯನ್ನು ಹಾದು ಬರುವ ವೈರನ್ನು ಎಂಜಿನ್ ಕಡೆಯಲ್ಲಿ ರಂಧ್ರಕ್ಕಿಂತ ಕೆಳಗೆ ಒಂದು ಬಾಗು ಕೊಟ್ಟು ಮೇಲೇರಿಸಿ ಒಳಕ್ಕೆ ಬಿಟ್ಟರೆ, ಅದನ್ನು ಹಿಡಿದು ಬರುವ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವೈಪರಿನ ಕಡ್ಡಿ ಹೊರಬರುವ ಜಾಗದ ರಬ್ಬರು ಇನ್ನೊಂದು ಮರೆತುಹೋಗುವ ಸ್ಥಳ. ಮುಂಗಾಜಿನ ಮುಂದೆ ಗಾಳಿ ಸೇದುವ ಕಿಂಡಿಯುಳ್ಳ ಕಾರುಗಳನ್ನು ಗುಲ್‌ಮೊಹರಿನಂತಹ ಸಣ್ಣೆಲೆಯ ಮರದ ಕೆಳಗೆ ನಿಲ್ಲಿಸಿದರೆ ಆ ಕಿಂಡಿಯ ನೀರು ಹೋಗುವ ದಾರಿಯು ಎಲೆಗಳಿಂದ ಕಟ್ಟಿ ಒಳಕ್ಕೆ ಉಕ್ಕುತ್ತದೆ.

ಈ ದೇಶದ ಅಂಬಾಸಿಡರುಗಳಿಗೆ ವಿಶೇಷವಾದ ಸೋರಿಕೆಯೊಂದಿದೆ. ಅಧಿಕಾರಸ್ಥರ ಸೇವೆಯಲ್ಲಿದ್ದ ಕಾರುಗಳ ಚಾವಣಿಯ ಮೇಲೆ ದೀಪ, ಬಾನೆಟ್ಟಿನ ಮೇಲೆ ಬಾವುಟದ ಕಂಬಿ, ರೇಡಿಯೋದ ಏರಿಯಲ್, ಟ್ಯಾಕ್ಸಿಗಳಲ್ಲಿ ಸಾಮಾನಿನ ಕ್ಯಾರಿಯರ್ ಇವುಗಳಿಗಾಗಿ ತೂತು ಕೊರೆಯುವ ರೂಢಿಯಿತ್ತು. 2017ರ ಮೇ 1ರಿಂದ ಗಣ್ಯರ ಕಾರುಗಳ ಕೆಂಪು ದೀಪಗಳು ರದ್ದಾದುವು. ದೀಪ ಇಳಿದರೂ ತೂತು ಉಳಿಯಿತು. ಹರಾಜಿನಲ್ಲಿ ಸರ್ಕಾರಿ ಕಾರನ್ನು ಕೊಂಡವರು ಚಾವಣಿಯ ನಡುವೆ ಪುಟ್ಟಿ ತುಂಬಿ ಬಣ್ಣ ಬಳಿದ ಗುರುತಿದೆಯೇ ಎಂದು ಕೈಯಾಡಿಸಿ ನೋಡುವುದು ಒಳ್ಳೆಯದು. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿದಂತೆ ಪುಟ್ಟಿ ಬಿರುಕು ಬಿಡುವುದರಿಂದ ಅಂತಹ ತೂತಿಗೆ ಬೆಸುಗೆಯೊಂದೇ ಪರಿಹಾರ. ಚಾವಣಿಯ ಅಂಚಿನ ದೋಣಿಯೊಳಗಿನ ಮೇಣವೂ ಕಾಲಕ್ರಮದಲ್ಲಿ ಬಿರಿಯುತ್ತದೆ. ಹಳೆಯದನ್ನು ಕೆರೆದು ತೆಗೆದು ಹೊಸತನ್ನು ತುಂಬಬೇಕಲ್ಲದೆ ಅದರ ಮೇಲೆಯೇ ಬಣ್ಣ ಬಳಿದರೆ ಪ್ರಯೋಜನವಿಲ್ಲ.

ತಳದ ತಗಡು ಆಗಲೇ ತೂತಾಗಿದ್ದರೆ ಟಿಂಕರಿಂಗ್ ಕೆಲಸಗಾರನ ನೆರವು ಅನಿವಾರ್ಯ. ಸ್ಕ್ರೂಡ್ರೈವರಿನ ತುದಿಯಿಂದ ಹೊಸ್ತಿಲ ಪೆಟ್ಟಿಗೆಯನ್ನೂ ಜ್ಯಾಕು ಕೊಡುವ ಜಾಗವನ್ನೂ ಅಡಿಯಿಂದ ತಿವಿದು ನೋಡಬೇಕು. ತುದಿ ಒಳಹೊಕ್ಕರೆ ಅಲ್ಲಿ ತಗಡಿಲ್ಲ, ಬಣ್ಣ ಮಾತ್ರ ಇದೆ. ತುಕ್ಕಿನ ಮೇಲೆ ಡಾಂಬರು ಹಾಳೆ ಅಂಟಿಸುವುದು, ಅಲ್ಯೂಮಿನಿಯಂ ತುಂಡನ್ನು ರಿವೆಟ್ ಹೊಡೆಯುವುದು ರೋಗವನ್ನು ಬಟ್ಟೆಯಿಂದ ಮುಚ್ಚಿದ ಹಾಗೆ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವ ವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಉಕ್ಕಿನ ತಗಡನ್ನು ಬೆಸೆದು, ಬೆಸುಗೆಯ ಎರಡು ಮಗ್ಗುಲಿಗೂ ಸಂದುಮೇಣ ಹಚ್ಚಿ, ಪ್ರೈಮರ್ ಬಳಿಯಬೇಕು. ಬೆಸುಗೆಗೆ ಮೊದಲು ಬ್ಯಾಟರಿಯ ಸಂಪರ್ಕ ಕಳಚಿ, ಫೆಲ್ಟು ಮತ್ತು ಆಸನಗಳನ್ನು ದೂರ ಇಟ್ಟು, ಪೆಟ್ರೋಲಿನ ಕೊಳವೆ ಸಮೀಪದಲ್ಲಿದ್ದರೆ ಅದನ್ನೂ ತೆಗೆಯುವುದು ಪ್ರಾಣರಕ್ಷಣೆಯ ಮಾತು. ಹೊಸ್ತಿಲನ್ನು ಕತ್ತರಿಸುವುದಾದರೆ ಕಾರಿನ ಒಡಲಿಗೆ ಸಮತಟ್ಟಾದ ಆಧಾರ ಕೊಟ್ಟು, ಬಾಗಿಲಿನ ಚೌಕಟ್ಟಿಗೆ ಅಡ್ಡಕಂಬಿ ಬಿಗಿದಿರಬೇಕು. ಇಲ್ಲವಾದರೆ ಒಡಲು ನಡುವಿನಲ್ಲಿ ತಗ್ಗಿ, ಬೆಸುಗೆ ಮುಗಿದ ಮೇಲೆ ಬಾಗಿಲುಗಳು ಮುಚ್ಚದೆ ಹೋಗುತ್ತವೆ. ಆಗ ಹೊಸ ಸೋರಿಕೆಗಳು ಹುಟ್ಟುತ್ತವೆ.

ಈ ಕೆಲಸಗಳಿಗೆ ತಕ್ಕ ಕಾಲ ಏಪ್ರಿಲ್ ಮತ್ತು ಮೇ ತಿಂಗಳುಗಳು. ಮೇಣವಾಗಲಿ ಬಣ್ಣವಾಗಲಿ ಒಣಗಿದ ತಗಡಿಗಲ್ಲದೆ ಅಂಟುವುದಿಲ್ಲ. ಜೂನ್ ತಿಂಗಳಿನಲ್ಲಿ ಸೋರಿಕೆ ಕಂಡ ಮೇಲೆ ಮೆಕ್ಯಾನಿಕನನ್ನು ಹುಡುಕುತ್ತ ಹೊರಟರೆ ಮಳೆ ಬಿಡುವ ತನಕ ತಾತ್ಕಾಲಿಕ ತೇಪೆಯಷ್ಟೇ ಸಾಧ್ಯ. ದುರಸ್ತಿ ಮುಗಿಯಿತೆಂದು ಫೆಲ್ಟು ಮತ್ತು ಹಾಸುಗಳನ್ನು ಒಡನೆಯೇ ಕೂರಿಸಬಾರದು. ಬರಿಯ ತಗಡಿನ ಮೇಲೆ ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಹಾಸಿ, ಮುಂಗಾರಿನ ಮೊದಲ ಎರಡು ಮೂರು ಮಳೆಗಳಿಗೆ ಕಾರನ್ನು ಹೊರಗೆ ನಿಲ್ಲಿಸಿ, ಒದ್ದೆ ರಸ್ತೆಯಲ್ಲಿ ಒಂದು ಸಲ ಓಡಿಸಿ ತಂದು, ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಬೇಕು. ಅವು ಹಾಕಿದಂತೆಯೇ ಗರಿಗರಿಯಾಗಿದ್ದರೆ ಫೆಲ್ಟನ್ನು ಒಳಕ್ಕೆ ತರಬಹುದು.